ಬಾವಿ ಕಡೆಯ ಪಾತಿ

ಜೋಳ ಬೇಯಿಸುವುದಕ್ಕೆ ನನಗೆ ಸಂಬಳ ಕೊಡುತ್ತಾರೆ ಅಂದರೆ ಊರಲ್ಲಿ ಯಾರೂ ನಂಬಲಿಲ್ಲ. ಬೇಯಿಸಿದ್ದನ್ನು ತಿನ್ನುವುದಿಲ್ಲ, ಅದಕ್ಕೆ ಬೂಷ್ಟು ಹಿಡಿಸುತ್ತೇವೆ ಅಂದಾಗ ನನ್ನ ಚಿಕ್ಕಪ್ಪ, "ಬೆಂಗಳೂರಿಗೆ ಹೋಗಿ ತಲಿ ಕೆಟ್ಟೈತೇನ ನಿಂದು?" ಎಂದು ಕೇಳಿದ. ಅವನದೇನೂ ತಪ್ಪಿಲ್ಲ. ಗದಗಿನ ಕಡೆ ಜೋಳವೆಂದರೆ ಎರಡು ಹೊತ್ತಿನ ಊಟ. ಕಾಳು ನೆಲಕ್ಕೆ ಬಿದ್ದರೆ ಹೆಕ್ಕಿ ಕಣ್ಣಿಗೆ ಒತ್ತಿಕೊಳ್ಳುವ ಮನೆಯಿಂದ ಬಂದವಳು ನಾನು. ಅದನ್ನು ಬೇಕೆಂದೇ ಕೆಡಿಸಿ, ಚೆನ್ನಾಗಿ ಕೆಟ್ಟಿದೆಯೇ ಎಂದು ದಿನಾ ನೋಡುವ ಕೆಲಸಕ್ಕೆ ಮೊದಮೊದಲು ನನಗೂ ಮನಸ್ಸು ಒಗ್ಗಲಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮದುವೆಯಾಗಿ ಯಶವಂತಪುರದ ಒಂದು ವಠಾರಕ್ಕೆ ಬಂದಿದ್ದೆ. ಗಂಡನಿಗೆ ಕಾರ್ಖಾನೆಯಲ್ಲಿ ಕೆಲಸ. ಪಿಯುಸಿಯಲ್ಲಿ ವಿಜ್ಞಾನ ಓದಿದ್ದೆ ಎನ್ನುವ ಒಂದೇ ಪುಣ್ಯಕ್ಕೆ ನನಗೆ ಹೆಬ್ಬಾಳದ ಒಂದು ಪ್ರಯೋಗಾಲಯದಲ್ಲಿ ಸಹಾಯಕಿಯ ಕೆಲಸ ಸಿಕ್ಕಿತು. ಖಾಯಂ ಅಲ್ಲ, ಮೇಲಿನವರು ಮನಸ್ಸು ಮಾಡಿದರೆ ವರ್ಷವರ್ಷ ಮುಂದುವರಿಯುವಂಥದ್ದು. ವಠಾರದಲ್ಲಿ ನಾನು ಬೆಳಿಗ್ಗೆ ರೊಟ್ಟಿ ಬಡಿದರೆ ಪಕ್ಕದ ಮನೆಯಾಕೆ ಗೋಡೆ ಕುಟ್ಟುತ್ತಿದ್ದಳು. "ಅದೇನ್ರೀ, ಬೆಳಬೆಳಿಗ್ಗೆ ಕಲ್ಲು ಒಡೀತೀರಾ?" ಎನ್ನುತ್ತಿದ್ದಳು. ನಾನೂ ಬಿಡುವವಳಲ್ಲ, ಇನ್ನೆರಡು ರೊಟ್ಟಿ ಜಾಸ್ತಿ ಬಡಿಯುತ್ತಿದ್ದೆ. ಆಮೇಲೆ ಬಸ್ಸು ಹತ್ತಿ ಹೆಬ್ಬಾಳಕ್ಕೆ ಹೋದರೆ ಅಲ್ಲಿಯೂ ಜೋಳವೇ.

ಆ ಜೋಳದ ಕೆಲಸ ಏನೆಂದು ಹೇಳಿಬಿಡುತ್ತೇನೆ. ಮಣ್ಣಿನಲ್ಲಿ ಗಿಡದ ಬೇರಿಗೆ ಹೊಕ್ಕು ಕೊಳೆಸಿ ಕೊಲ್ಲುವ ಶಿಲೀಂಧ್ರಗಳಿವೆ. ಅವನ್ನೇ ತಿಂದು ಗಿಡ ಕಾಯುವ ಇನ್ನೊಂದು ಶಿಲೀಂಧ್ರವೂ ಅದೇ ಮಣ್ಣಿನಲ್ಲಿದೆ. ಹಸಿರು ಬಣ್ಣದ್ದು, ಟ್ರೈಕೋಡರ್ಮ ಅಂತ ಹೆಸರು. ಔಷಧಿ ಸುರಿಯುವ ಬದಲು ಇದನ್ನೇ ಬೆಳೆಸಿ ಗಿಡದ ಬುಡಕ್ಕೆ ಹಾಕಿದರೆ ಹೇಗೆ ಎಂಬುದು ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದ ನಮ್ಮ ಸರ್ ಅವರ ಯೋಚನೆ. ಆಗ ಅದು ಹೊಸ ಮಾತು, ನಗುವವರೇ ಹೆಚ್ಚು. ಸರ್ ನನಗೆ ತಿಳಿಸಿ ಹೇಳಿದ ರೀತಿ ಇನ್ನೂ ನೆನಪಿದೆ. "ನೋಡಮ್ಮ, ಬಸ್ಸಲ್ಲಿ ಸೀಟೆಲ್ಲ ಒಳ್ಳೆಯವರೇ ಹಿಡ್ಕೊಂಡು ಕೂತ್ರೆ ಕಳ್ಳ ಎಲ್ಲಿ ಕೂರ್ತಾನೆ?"

"ಅದು ಕಳ್ಳನ್ನ ತಿಂತೈತಿ ಅಂದಿದ್ರಲ್ರೀ ಸರ್?"

"ಹ್ಞೂಂ, ತಿನ್ನೂ ತಿನ್ನುತ್ತೆ. ಬಿ.ಟಿ.ಎಸ್. ಬಸ್ಸಿಗಿಂತ ಸ್ವಲ್ಪ ಕಟ್ಟುನಿಟ್ಟು."

ಹಾಗೆ ತಮಾಷೆ ಮಾಡುವ ಮನುಷ್ಯ. ಆದರೆ ಒಂದು ಕಾಳು ಹೆಚ್ಚು ಬೆಂದು ಒಡೆದಿದ್ದರೆ ಇಡೀ ಪಾತ್ರೆ ಚೆಲ್ಲಿಸುತ್ತಿದ್ದರು. ಆ ಕೆಲಸದಲ್ಲಿ ಮಾತ್ರ ನಾನು ಯಾರಿಗೂ ಸೋಲುತ್ತಿರಲಿಲ್ಲ. ಹಿಂದಿನ ದಿನ ನೆನೆಹಾಕಿದ ಜೋಳವನ್ನು ಅರೆಬೇಯಿಸಿ, ನೀರು ಬಸಿದು, ಬಾಟಲಿಗೆ ತುಂಬಿ, ಹತ್ತಿಯ ಬಿರಡೆ ಹಾಕಿ, ದೊಡ್ಡ ಕುಕ್ಕರಿನಂಥ ಯಂತ್ರದಲ್ಲಿ ಮತ್ತೆ ಬೇಯಿಸಿ, ತಣಿದ ಮೇಲೆ ದೀಪದ ಉರಿಯ ಪಕ್ಕದಲ್ಲೇ ಬಾಯಿ ತೆರೆದು ಚಿಟಿಕೆಯಷ್ಟು ಶಿಲೀಂಧ್ರ ಬಿಡಬೇಕು. ಮೂರು ದಿನಕ್ಕೆ ಬಿಳಿ ನೂಲು ಹರಡುತ್ತದೆ, ವಾರಕ್ಕೆ ಹಸಿರಾಗುತ್ತದೆ. ಪೂರ್ತಿ ಹಸಿರಾದ ಬಾಟಲಿಯ ಬಾಯಿ ತೆಗೆದರೆ ಹಳೆ ಕೊಬ್ಬರಿಯ ವಾಸನೆ. ನನಗೆ ಮಾತ್ರ ಮೊದಲ ದಿನದ ವಾಸನೆಯೇ ಬೇಕು, ಜೋಳ ಕುದಿಯುವಾಗಿನದು. ಆ ಹಬೆಗೆ ಮುಖವೊಡ್ಡಿ ನಿಂತರೆ ನನ್ನ ಅವ್ವ ಒಲೆಯ ಮುಂದೆ ಕೂತಿದ್ದಾಳೆ ಅನ್ನಿಸುತ್ತಿತ್ತು. ಅವ್ವ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದಳು. ಹಬೆ ಕಣ್ಣಿಗೆ ಬಡಿಯಿತು ಅಂತ ಹೇಳಿ ಎಷ್ಟು ಸಲ ಸೆರಗಿನಲ್ಲಿ ಮುಖ ಒರೆಸಿಕೊಂಡಿದ್ದೇನೋ ಲೆಕ್ಕವಿಲ್ಲ.

ಅಂಥ ಒಂದು ದಿನ ತೋಟದಮ್ಮ ಬಂದಳು. ನಾವು ಇಟ್ಟ ಹೆಸರು ಅದು. ಬ್ಯಾಟರಾಯನಪುರದ ಅಂಚಿನಲ್ಲಿ ಅವರ ಹೊಲ. ದ್ರಾಕ್ಷಿ, ರಾಗಿ ಗಂಡಮಕ್ಕಳ ಪಾಲಿನದು, ಬಾವಿಯ ಹತ್ತಿರದ ಕನಕಾಂಬರ ಈಕೆಯ ಪಾಲಿನದು. ಐವತ್ತು ದಾಟಿದ ಹೆಂಗಸು, ಒದ್ದೆ ಬಟ್ಟೆಯಲ್ಲಿ ಬೇರುಸಮೇತ ಒಂದು ಗಿಡ ಸುತ್ತಿಕೊಂಡು ಒಬ್ಬಳೇ ಬಸ್ಸಿನಲ್ಲಿ ಬಂದಿದ್ದಳು. ಎಲೆ ಜೋತುಬಿದ್ದು ಬೇರು ಕಪ್ಪಾಗಿತ್ತು. ಸರ್ ಮುಂದೆ ಮೇಜಿನ ಮೇಲೆ ಅದನ್ನು ಮಲಗಿಸಿ, "ಒಂದಾದ್ ಮ್ಯಾಲ್ ಒಂದು ಇಂಗೇ ಓಯ್ತಾ ಅವೆ ಸಾಮಿ. ನಮ್ಮವ್ವ ತವರು ಚಿಕ್ಕಜಾಲದಿಂದ ಮಡಿಲಕ್ಕಿ ಜೊತೆ ಕೊಟ್ಟ ಗಿಡದ ತಳಿ. ಎಂಗಾರ ಮಾಡಿ ಉಳಿಸ್ಕೊಡಿ" ಎಂದಳು.

ಅದು ಬೇರೆಯದೇ ತಳಿ, ನಿಜ. ಮಾರುಕಟ್ಟೆಗೆ ಬರುವ ಕನಕಾಂಬರ ಆ ಬಣ್ಣದ್ದಲ್ಲ. ಅರಿಶಿನಕ್ಕೆ ಕುಂಕುಮ ಒಂದು ಚೂರು ಜಾಸ್ತಿ ಬಿದ್ದಂಥ ಬಣ್ಣ, ಸಣ್ಣ ಹೂವು, ಮುಡಿದರೆ ಮೂರು ದಿನವಾದರೂ ಬಾಡುವುದಿಲ್ಲ. ಆಕೆಯ ಅಕ್ಕತಂಗಿಯರ ಮನೆಗಳಲ್ಲಿ ಎಂದೋ ಹೋಗಿಬಿಟ್ಟಿತ್ತಂತೆ. ಉಳಿದದ್ದು ಈಕೆಯ ಎರಡು ಪಾತಿ ಮಾತ್ರ, ಒಂದು ದಾರಿ ಕಡೆಗೆ, ಒಂದು ಬಾವಿ ಕಡೆಗೆ. ಪಾತಿಗೆ ನಲವತ್ತು ಗಿಡ.

ಸರ್ ಹೋಗಿ ನೋಡಿದರು. ರೋಗ ಆಗಷ್ಟೇ ಕಾಲಿಟ್ಟಿತ್ತು. ಅವರಿಗೆ ಬೇಕಾಗಿದ್ದೂ ಅಂಥದೇ ಜಾಗ. ಒಂದು ಪಾತಿಗೆ ಹಸಿರು ಜೋಳ ಹಾಕುವುದು, ಇನ್ನೊಂದಕ್ಕೆ ಹಾಕದೆ ಬಿಡುವುದು, ಮೂರು ತಿಂಗಳು ವಾರವಾರ ಎಣಿಸುವುದು. ಗೆದ್ದರೆ ಮುಂದಿನ ವರ್ಷ ಇನ್ನೂ ಹತ್ತು ರೈತರ ಹೊಲದಲ್ಲಿ ಹಾಕಲು ಮೇಲಿನವರು ಒಪ್ಪುತ್ತಾರೆ. ಯಾವ ಪಾತಿಗೆ ಹಾಕಬೇಕೆಂಬುದನ್ನು ನಾವು ಆರಿಸಬಾರದು, ಚೀಟಿ ಎತ್ತಬೇಕು ಎಂದರು. ಚೀಟಿ ಅಂದ ಕೂಡಲೇ ತೋಟದಮ್ಮ ಕೈಕಾಲು ತೊಳೆದು ಬಂದು ಪೂರ್ವಕ್ಕೆ ಮುಖ ಮಾಡಿ ಕಣ್ಣು ಮುಚ್ಚಿ ಎತ್ತಿದಳು. ದಾರಿ ಕಡೆಯ ಪಾತಿ ಬಂತು.

"ಸರಿ, ಬಾವಿ ಕಡೇದಕ್ಕೆ ಯಾವಾಗ್ ಆಕ್ತೀರಾ?" ಎಂದು ಕೇಳಿದಳು.

"ಅದಕ್ಕೆ ಹಾಕಲ್ಲಮ್ಮ. ಹಾಕಿದ್ರೆ ಏನು ವ್ಯತ್ಯಾಸ ಅಂತ ಗೊತ್ತಾಗ್ಬೇಕಲ್ಲ."

"ಎರಡೂ ಒಂದೇ ತಾಯ್ ಮಕ್ಳು ಸಾಮಿ. ಒಂದುಕ್ಕೆ ಉಣ್ಣಕಿಕ್ಕಿ ಇನ್ನೊಂದ್ನ ನೋಡ್ತಾ ಕೂರ್ಸದಾ?"

ಸರ್ ನಕ್ಕರು, ನಾನೂ ನಕ್ಕೆ. ಆಕೆ ನಗಲಿಲ್ಲ. ಆದರೆ ಒಪ್ಪಿದಳು, ಓದಿದವರು ಹೇಳುತ್ತಿದ್ದಾರೆ ಅಂತ.

ಆಮೇಲಿನ ಬುಧವಾರಗಳೇ ನನ್ನ ಬೆಂಗಳೂರಿನ ಸುಖದ ದಿನಗಳು. ಬಳ್ಳಾರಿ ರಸ್ತೆಯಲ್ಲಿ ಬಸ್ಸಿಳಿದು ದ್ರಾಕ್ಷಿ ಚಪ್ಪರಗಳ ನಡುವಿನ ದಾರಿಯಲ್ಲಿ ನಡೆದು ಹೋಗುತ್ತಿದ್ದೆ. ಪಾತಿಯಲ್ಲಿ ಕೂತು ಗಿಡ ಎಣಿಸಿ, ಸೊರಗಿದ್ದಕ್ಕೆ ಗುರುತು ಹಾಕಿ, ಪುಸ್ತಕದಲ್ಲಿ ಬರೆಯುತ್ತಿದ್ದೆ. ಅರ್ಧ ಗಂಟೆಯ ಕೆಲಸ. ಮುಗಿಯುವುದನ್ನೇ ಕಾಯುತ್ತಿದ್ದ ತೋಟದಮ್ಮ ನನ್ನನ್ನು ಜಗಲಿಯ ಮೇಲೆ ಕೂರಿಸಿ ಜಡೆ ಬಿಚ್ಚುತ್ತಿದ್ದಳು. "ತಲೆ ಬಾಚ್ಕಂಡಿದೀಯೋ, ಕಾಗೆಗೆ ಗೂಡ್ ಕಟ್ಟಕೆ ಬಿಟ್ಟಿದೀಯೋ? ಅತ್ತೆ ಇಲ್ದಿದ್ ಮನೆ ಸೊಸೆ ಇಂಗೇ ಆಗದು."

"ಬಸ್ಸಿನ್ಯಾಗ ನಿಂತು ಬಂದೇನ್ರಿ ಅಮ್ಮಾ, ಗಾಳಿಗಿ ಹಂಗಾಗೈತಿ."

"ಗಾಳಿ ಮ್ಯಾಲ್ ಆಕ್ಬೇಡ, ಸುಮ್ನೆ ಕೂತ್ಕ."

ಎಣ್ಣೆ ಹಚ್ಚಿ, ಬಿಗಿಯಾಗಿ ಹೆಣೆದು, ಆ ದಿನ ಬಿಡಿಸಿದ ಹೂವನ್ನು ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿ ಮುಡಿಸುತ್ತಿದ್ದಳು. ಆಕೆಯ ಬೆರಳು ತಲೆಯಲ್ಲಿ ಓಡುವಾಗ ನಾನು ಕಣ್ಣು ಮುಚ್ಚಿ ಕೂರುತ್ತಿದ್ದೆ. ಅವ್ವ ಹೋದ ಮೇಲೆ ನನ್ನ ತಲೆ ಮುಟ್ಟಿದವರು ಯಾರೂ ಇರಲಿಲ್ಲ. ವಾರವಿಡೀ ವಠಾರದ ಗೋಡೆ, ಬಸ್ಸಿನ ನೂಕುನುಗ್ಗಲು, ಆಫೀಸಿನ ಸಹಿ, ಇವನ್ನೆಲ್ಲ ನಾನು ಬುಧವಾರದ ಆಸೆಯ ಮೇಲೆಯೇ ತಳ್ಳುತ್ತಿದ್ದೆ.

ಐದನೆಯ ವಾರಕ್ಕೆ ಬಾವಿ ಕಡೆಯ ಪಾತಿಯಲ್ಲಿ ಗಿಡ ಸಾಯುವುದು ಜೋರಾಯಿತು. ಒಂದು ವಾರ ಎರಡು, ಮರುವಾರ ನಾಲ್ಕು. ದಾರಿ ಕಡೆಯದರಲ್ಲಿ ಮೊದಲು ಹೋದ ಎರಡು ಬಿಟ್ಟರೆ ಮತ್ತೆ ಹೋಗಲಿಲ್ಲ. ಪ್ರಯೋಗದ ದೃಷ್ಟಿಯಿಂದ ನಾನು ಕುಣಿದಾಡಬೇಕಿತ್ತು. ನಾಲ್ಕು ಸತ್ತದ್ದನ್ನು ಬರೆದ ದಿನ ತೋಟದಮ್ಮ ಜಡೆ ಹಾಕಲಿಲ್ಲ. ಪಾತಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಒಣಗಿದ ಗಿಡವನ್ನು ಕಿತ್ತು ಬೇರು ನೋಡುತ್ತಿದ್ದಳು. "ಚೀಟಿ ಎತ್ತಿದ್ದು ಈ ಕೈಯೇ ಅಲ್ವೇನವ್ವ?" ಎಂದಳು. ಅಷ್ಟೇ. ಹಾಕು ಅಂತ ಬೇಡಲಿಲ್ಲ, ಸರ್ ಅವರನ್ನು ಬಯ್ಯಲಿಲ್ಲ. ಬೇಡಿದ್ದರೆ ನಿಯಮ ಹೇಳಿ ಜಗಳವಾಡಿಯಾದರೂ ಬರುತ್ತಿದ್ದೆ.

ಮರುದಿನವೇ ನಾನು ರೊಟ್ಟಿ ಡಬ್ಬಿಯಲ್ಲಿ ಹಸಿರು ಜೋಳ ತುಂಬಿಕೊಂಡೆ. ಮಧ್ಯಾಹ್ನ ತಲೆನೋವು ಅಂತ ಸುಳ್ಳು ಹೇಳಿ ಹೊರಟೆ. ತಿಪ್ಪೆಗೊಬ್ಬರದ ಜೊತೆ ಕಲೆಸಿ ಒಂದು ವಾರ ಗೋಣಿತಾಟಿನ ಕೆಳಗೆ ಇಟ್ಟು ಆಮೇಲೆ ಹಾಕಬೇಕೆಂಬುದು ಕ್ರಮ. ಅಷ್ಟು ಪುರುಸೊತ್ತು ಎಲ್ಲಿಯದು? ಅಲ್ಲೇ ಕಲೆಸಿ, ಬಾವಿ ಕಡೆಯ ಪಾತಿಯ ಒಂದೊಂದು ಗಿಡದ ಬುಡಕ್ಕೂ ಕೈಯಾರೆ ಹಾಕಿ ಮಣ್ಣು ಮುಚ್ಚಿದೆ. ತೋಟದಮ್ಮ ಹಿಂದಿನಿಂದ ಚೊಂಬಿನಲ್ಲಿ ನೀರು ಬಿಡುತ್ತಾ ಬಂದಳು. ಮುಗಿದ ಮೇಲೆ ನಾನೇ ಹೇಳಿದೆ, "ಸರ್ ಮುಂದ ಬಾಯಿ ಬಿಡಬ್ಯಾಡ್ರಿ."

"ದೇವ್ರಾಣೆ ಇಲ್ಲ ಕಣವ್ವ."

ಬಿಡಲಿಲ್ಲ, ಇಬ್ಬರೂ.

ಎರಡು ವಾರದಲ್ಲಿ ಸಾವು ನಿಂತಿತು. ಜೋಳ ಹಾಕಿದ ಮೇಲೆ ಹೋದದ್ದು ಒಂದೇ ಗಿಡ. ಉಳಿದವು ಚಿಗುರಿ, ತೆನೆ ಹಾಕಿ, ಎರಡೂ ಪಾತಿ ಮೈತುಂಬ ಹೂವು ಬಿಟ್ಟವು. ನಾನು ಪುಸ್ತಕದಲ್ಲಿ ಸುಳ್ಳು ಬರೆಯಲಿಲ್ಲ, ಎಣಿಸಿದ್ದನ್ನೇ ಬರೆದೆ. ಬರೆಯಬೇಕಾದ ಒಂದು ಸಾಲನ್ನು ಮಾತ್ರ ಬರೆಯಲಿಲ್ಲ.

ಮೂರು ತಿಂಗಳು ತುಂಬಿದ ದಿನ ಸರ್ ಬಂದರು. ತೋಟದಮ್ಮ ಗಾಬರಿಗೆ ಅವರಿಗೆ ಮೂರು ಲೋಟ ಮಜ್ಜಿಗೆ ಕುಡಿಸಿದಳು. ಅವರು ಒಂದು ಪಾತಿಯಿಂದ ಇನ್ನೊಂದಕ್ಕೆ ನಡೆದರು, ಮತ್ತೆ ವಾಪಸ್ಸು ಬಂದರು, ನನ್ನ ಪುಸ್ತಕ ನೋಡಿದರು. ಹೂವು ತುಂಬಿದ ಎರಡು ಪಾತಿಗಳ ಮಧ್ಯೆ ನಿಂತು ನಾವಿಬ್ಬರು ಹೆಂಗಸರು ಒಳಗೊಳಗೇ ಹಿಗ್ಗುತ್ತಿದ್ದೆವು. ಸರ್ ಮುಖ ಎತ್ತಿದಾಗ ನನ್ನ ಹಿಗ್ಗು ಅಲ್ಲೇ ನಿಂತಿತು.

"ಇದು ತಾನಾಗೇ ನಿಂತಿದೆಯಲ್ಲಮ್ಮ ರೋಗ" ಎಂದರು. "ಹಾಕದೇ ಇದ್ರೂ ನಿಂತಿದೆ. ಅಂದ್ಮೇಲೆ ಹಾಕಿದ್ದರಿಂದ ನಿಂತಿತು ಅಂತ ಹೇಗೆ ಹೇಳ್ಲಿ?"

ಆಗ ಬಾಯಿ ತೆರೆಯಬೇಕಿತ್ತು. ಆದರೆ ಆ ತಿಂಗಳೇ ನನ್ನ ಕೆಲಸ ಮುಂದುವರಿಸುವ ಕಾಗದ ಬರಬೇಕಿತ್ತು. ಗಂಡನ ಕಾರ್ಖಾನೆಯಲ್ಲಿ ಮುಷ್ಕರದ ಮಾತು ನಡೆದಿತ್ತು. ಇದನ್ನೆಲ್ಲ ಈಗ ನೆಪವಾಗಿ ಹೇಳುತ್ತಿದ್ದೇನೆ. ನಿಜ ಹೇಳಬೇಕೆಂದರೆ ಅವರ ಕಣ್ಣಲ್ಲಿ ಸಣ್ಣವಳಾಗಲು ನನಗೆ ಇಷ್ಟವಿರಲಿಲ್ಲ. ಊರಲ್ಲಿ ಬಾಯಿಬಡುಕಿ ಎಂದು ಹೆಸರಾದವಳು ಅವತ್ತು ಮಣ್ಣು ನೋಡುತ್ತಾ ನಿಂತೆ.

ಮೇಲಿನವರು ಹತ್ತು ಹೊಲದ ಯೋಚನೆಗೆ ಒಪ್ಪಲಿಲ್ಲ. ಸರ್ ಅವರನ್ನು ಬೀಜಕ್ಕೆ ಔಷಧಿ ಲೇಪಿಸುವ ಬೇರೆ ಕೆಲಸಕ್ಕೆ ಹಾಕಿದರು. ಬಾಟಲಿಗಳನ್ನು ಖಾಲಿ ಮಾಡಿ, ಕುದಿನೀರಲ್ಲಿ ತೊಳೆದು, ಬೋರಲು ಹಾಕಿದವಳು ನಾನೇ. ಜೋಳ ತರಿಸುವುದು ನಿಂತಿತು. ನನ್ನ ಕಾಗದ ಮಾತ್ರ ಬಂತು, ಇನ್ನೊಂದು ವರ್ಷ ಮುಂದುವರಿಸಲಾಗಿದೆ ಅಂತ. ಅದನ್ನು ಓದಿ ಖುಷಿಪಡಲು ಹೋದೆ, ಆಗಲಿಲ್ಲ.

ಬ್ಯಾಟರಾಯನಪುರಕ್ಕೆ ಹೋಗಲು ಆಫೀಸಿನ ಕಾರಣ ಉಳಿದಿರಲಿಲ್ಲ. ಆದರೂ ಆಗೊಂದು ಈಗೊಂದು ಭಾನುವಾರ ಹೋಗಿ ತಲೆ ಬಾಚಿಸಿಕೊಂಡು ಬರುತ್ತಿದ್ದೆ. ಮರುವರ್ಷ ಮಳೆ ಹಿಡಿದ ಮೇಲೆ ಒಮ್ಮೆ ಹೋದಾಗ ತೋಟದಮ್ಮ ಎದುರಿಗೇ ಬಂದಳು. "ಮತ್ತೆ ಸುರುವಾಗೈತೆ ಕಣವ್ವ. ಈ ಸಲ ಎರಡು ಪಾತೀಲೂ. ಜೋಳ ತಂದಿಲ್ವಾ?"

"ಅದು ಕೆಲಸ ಮಾಡ್ಲಿಲ್ಲ ಅಂತ ನಿಲ್ಲಿಸ್ಯಾರ್ರೀ ಅಮ್ಮಾ."

ಆಕೆ ನನ್ನನ್ನೇ ನೋಡಿದಳು. "ಕೆಲ್ಸ ಮಾಡ್ಲಿಲ್ವಾ? ನಮ್ ಕಣ್ಮುಂದೇನೇ ಮಾಡ್ತಲ್ಲವ್ವ! ನಿಮ್ ಸಾಮೀಗ್ ಏಳ್ಲಿಲ್ವಾ ನೀನು?"

ಸೋಮವಾರ ಬೆಳಿಗ್ಗೆ ಸರ್ ಬಂದು ಕುರ್ಚಿಯಲ್ಲಿ ಕೂರುವ ಮೊದಲೇ ಎಲ್ಲ ಹೇಳಿಬಿಟ್ಟೆ. ರೊಟ್ಟಿ ಡಬ್ಬಿ, ತಲೆನೋವು, ಎಲ್ಲ. ಕೂಗಾಡುತ್ತಾರೆ, ಕೆಲಸ ಹೋಯಿತು ಅಂದುಕೊಂಡಿದ್ದೆ. ಅವರು ನಿಂತೇ ಕೇಳಿದರು, "ಎಷ್ಟನೇ ವಾರ ಹಾಕಿದೆ?"

"ಆರನೇ ವಾರ್ರೀ."

"ಆಮೇಲೆ ಎಷ್ಟು ಸತ್ವು?"

"ಒಂದ ರಿ."

ಸರ್ ಹೋಗಿ ಕಿಟಕಿಯ ಸರಳು ಹಿಡಿದು ಹೊರಗೆ ನೋಡುತ್ತಾ ನಿಂತರು. "ರೋಗ ಹಿಡಿದ್ಮೇಲೆ ಹಾಕಿದ್ರೂ ತಡೀತು ಅಂತಾಯ್ತಲ್ಲ" ಎಂದರು ಕೊನೆಗೆ. "ನಾನು ಅಷ್ಟು ವರ್ಷದಿಂದ ಹುಡುಕ್ತಿದ್ದಿದ್ದೇ ಅದನ್ನ. ಹಾಕಿದ್ದು ಸರಿ ಅನ್ನಲ್ಲ. ಆದ್ರೆ ಹಾಕಿದೀನಿ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲಮ್ಮ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರ ದನಿ ತಗ್ಗಿದ್ದು ನನ್ನ ಎದೆಗೆ ನಾಟಿತು. ಆಮೇಲೆ ಅವರೇ ಹೇಳಿದರು, "ಫ್ರಿಜ್ಜಲ್ಲಿ ಹಳೇ ಟ್ಯೂಬ್ ಒಂದು ಉಳಿದಿದೆ. ಜೀವ ಇದೆಯೋ ಇಲ್ವೋ. ಮಾಡಿ ನೋಡು, ಆ ಅಮ್ಮನಿಗೆ ಕೊಟ್ಟು ಬಾ."

ಮನೆಯ ರೊಟ್ಟಿ ಜೋಳವನ್ನೇ ತಂದು ಬೇಯಿಸಿದೆ. ಟ್ಯೂಬಿಗೆ ಜೀವವಿತ್ತು. ಆದರೆ ಶಿಲೀಂಧ್ರಕ್ಕೆ ನನ್ನ ಅವಸರ ಎಲ್ಲಿ ಗೊತ್ತಾಗಬೇಕು? ಮೊದಲು ಟ್ಯೂಬಿನಿಂದ ತಟ್ಟೆಗೆ, ತಟ್ಟೆಯಿಂದ ಬಾಟಲಿಗೆ, ಬಾಟಲಿಯಲ್ಲಿ ಬಿಳಿಯಾಗಿ ಹಸಿರಾಗುವವರೆಗೆ ಮೂರು ವಾರ ಹಿಡಿಯಿತು. ದಿನಕ್ಕೆ ಹತ್ತು ಸಲ ಬಾಟಲಿ ಅಲ್ಲಾಡಿಸುತ್ತಿದ್ದೆ. ಬೇಗ ಆಗು ಮಾರಾಯ, ಬೇಗ ಆಗು, ಅಂತ ಬೇಡಿಕೊಳ್ಳುತ್ತಿದ್ದೆ. ಇಡೀ ಲೋಕದಲ್ಲಿ ಬೂಷ್ಟಿಗೆ ಕೈಮುಗಿದವಳು ನಾನೊಬ್ಬಳೇ ಇರಬೇಕು.

ಹಸಿರು ಜೋಳದ ಚೀಲ ತೆಗೆದುಕೊಂಡು ಹೋದಾಗ ಪಾತಿಗಳು ಬರೀ ಮಣ್ಣಾಗಿದ್ದವು. ಕಿತ್ತ ಗಿಡಗಳ ಒಣ ರಾಶಿ ಬದುವಿನ ಮೇಲೆ ಬಿದ್ದಿತ್ತು. ತೋಟದಮ್ಮ ಗುದ್ದಲಿ ಊರಿ ನಿಂತಿದ್ದಳು. ಬೀಜ ಕಟ್ಟುವ ಮೊದಲೇ ಹೋದವಂತೆ. ಡಬ್ಬಿಯಲ್ಲಿದ್ದ ಹಿಂದಿನ ವರ್ಷದ ಬೀಜವನ್ನೂ ಚೆಲ್ಲಿ ನೋಡಿದ್ದಳು, ಎರಡೆಲೆ ಬರುವಷ್ಟರಲ್ಲಿ ಸಸಿಗಳು ಅಡ್ಡ ಮಲಗಿದವಂತೆ. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ನಾನು ಹೇಳದೇ ಇದ್ದದ್ದಕ್ಕೆ ಹೀಗಾಯಿತು, ಹೇಳಿದ್ದರೆ ಜೋಳ ನಿಲ್ಲುತ್ತಿರಲಿಲ್ಲ, ನಿಮ್ಮವ್ವನ ಗಿಡವನ್ನು ನಾನೇ ಕಳೆದೆ ಎಂದು ಬಡಬಡಿಸಿದೆ.

ಆಕೆ ಮಣ್ಣಿನ ಕೈಯನ್ನು ಸೀರೆಗೆ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತಳು. "ಬುಡವ್ವ. ನೀನ್ ಆವತ್ ತಂದ್ ಆಕಿದ್ಕೆ ನಮ್ಮವ್ವನ್ ಊವ ಇನ್ನೊಂದ್ ವರ್ಸ ಮುಡ್ಕಂಡೆ. ಇಲ್ದಿದ್ರೆ ಓದ್ ವರ್ಸವೇ ಓಗಿರದು" ಎಂದಳು. ಸಮಾಧಾನಕ್ಕೆ ಹೇಳಿದಳೋ, ನಿಜವಾಗಿಯೂ ಅಂದಳೋ, ನನಗೆ ಇಂದಿಗೂ ಗೊತ್ತಿಲ್ಲ. ಹೊರಟಾಗ ಬೇಲಿಯವರೆಗೆ ಬಂದು, "ಬತ್ತಾ ಇರವ್ವ" ಎಂದಳು.

"ಬರ್ತೇನ್ರಿ" ಎಂದೆ.

ಈಗ ಆ ಹಸಿರು ಶಿಲೀಂಧ್ರ ಪುಡಿಯಾಗಿ, ಪೊಟ್ಟಣ ಕಟ್ಟಿಕೊಂಡು ಗೊಬ್ಬರದ ಅಂಗಡಿಯಲ್ಲೇ ಸಿಗುತ್ತದೆ. ಯಾರೋ ಬೇರೆಯವರು, ಬೇರೆ ಎಲ್ಲೋ, ಬರೆಯಬೇಕಾದ್ದನ್ನು ಸರಿಯಾಗಿ ಬರೆದರು. ಅದನ್ನು ನೋಡಿದಾಗ ನನಗೆ ಪ್ರಯೋಗ ನೆನಪಾಗುವುದಿಲ್ಲ. ತಲೆಯಲ್ಲಿ ಓಡುತ್ತಿದ್ದ ಆ ಬೆರಳು ಬೇಕು ಅನ್ನಿಸುತ್ತದೆ, ಈ ವಯಸ್ಸಿನಲ್ಲೂ, ತಡೆಯಲಾಗದಷ್ಟು.

ನಾನು ಮತ್ತೆ ಹೋಗಲಿಲ್ಲ. ಎಣಿಸಲು ಒಂದು ಗಿಡವೂ ಇಲ್ಲದ ತೋಟಕ್ಕೆ ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದು ಭಾನುವಾರಗಳನ್ನು ಮುಂದೂಡಿದೆ. ಆಕೆ ಕರೆದದ್ದು ಗಿಡ ಎಣಿಸುವುದಕ್ಕಲ್ಲ ಎಂದು ತಿಳಿಯುವಷ್ಟು ಬುದ್ಧಿ ನನಗೆ ಬರುವ ಹೊತ್ತಿಗೆ ಆಕೆ ಇರಲಿಲ್ಲ.